ಬಿಡಿ ಎಂದು ಬರೆಯಹೋಗಿ

ನಾನು ಬೀಡಿ ಬಿಡಲಿಲ್ಲ. ಬಿಟ್ಟೆನೆಂದು ಊರಿಗೆಲ್ಲ ಹೇಳಿದ್ದು ಮಾತ್ರ ನಿಜ. ಅದಕ್ಕೆ ನನಗೆ ಅಂಥ ನಾಚಿಕೆಯೇನಿಲ್ಲ. ಊರಿನವರು ಯಾರೂ ನಂಬಿರಲಿಲ್ಲ. ಖಾನಾಪುರದಲ್ಲಿರುವ ನನ್ನ ಅಕ್ಕನಿಗೂ ಹೇಳಿಕಳಿಸಿದ್ದೆ, ಅವಳು ನಂಬಿಬಿಟ್ಟಳು. ತೊಂದರೆ ಶುರುವಾದದ್ದು ಅಲ್ಲಿಂದ.

ಆಗ ಬೆಳಗಾವಿಯಲ್ಲಿ ಎಲ್ಲರೂ ಏನಾದರೊಂದನ್ನು ಬಿಡುತ್ತಿದ್ದರು. ಸ್ವರಾಜ್ಯ ಚಳವಳಿಯ ಬಿಳಿ ಟೊಪ್ಪಿಗೆಯವರು ಕಂಡ ಗೋಡೆಗೆಲ್ಲ ಸುಣ್ಣದಲ್ಲಿ ‘ಹೆಂಡ ಬಿಡಿ’, ‘ಪರದೇಶಿ ಬಟ್ಟೆ ಬಿಡಿ’ ಎಂದು ಬರೆದಿದ್ದರು. ನಾನು ಹೆಂಡ ಕುಡಿಯುವವನಲ್ಲ. ವಡಗಾವಿಯ ನೇಕಾರನಾದ್ದರಿಂದ ಪರದೇಶಿ ಬಟ್ಟೆಯ ಮೇಲೆ ಮೊದಲೇ ಸಿಟ್ಟು. ಬಿಡುವುದಕ್ಕೆಂದು ನನ್ನಲ್ಲಿ ಉಳಿದದ್ದು ಬೀಡಿ ಒಂದೇ. ಯಾರದೋ ಭಾಷಣದಲ್ಲಿ ‘ಆತ್ಮವಿಶ್ವಾಸ’ ಎಂಬ ಮಾತು ಕೇಳಿದೆ. ಅರ್ಥ ಪೂರ್ತಿ ತಿಳಿಯಲಿಲ್ಲ. ಆದರೆ ಅದು ನನ್ನಲ್ಲಿ ಬೇಕಾದಷ್ಟಿದೆ ಎಂಬುದು ಕೂಡಲೇ ಗೊತ್ತಾಯಿತು. ಬೀಡಿ ಬಿಟ್ಟೆನೆಂದು ಆಣೆ ಮಾಡಿದ ದಿನವೇ ಕಿವಿಯ ಮೇಲೊಂದು ಬೀಡಿ ಸಿಕ್ಕಿಸಿಕೊಂಡು ಓಣಿ ಸುತ್ತಿದೆ. ಬಿಟ್ಟವನಿಗೆ ಭಯವೇಕೆ? ಸಂಜೆಗೆ ಕಿವಿ ಬರಿದಾಗಿತ್ತು.

ಆತ್ಮವಿಶ್ವಾಸಕ್ಕೆ ಕಣ್ಣೆದುರು ಒಂದು ಗುರುತಿರಬೇಕು ಅನ್ನಿಸಿ, ಬಾಗಿಲ ಪಕ್ಕದ ಗೋಡೆಗೆ ನಾನೂ ಸುಣ್ಣದಲ್ಲಿ ಬರೆಯಹೊರಟೆ. ‘ಬಿಡು’ ಎಂದರೆ ನಾನು ಯಾರ ಮಾತನ್ನೂ ಕೇಳುವವನಲ್ಲ. ಮರ್ಯಾದೆ ಕೊಟ್ಟರೆ ಕೇಳಿಯೇನು. ಬಾಯಲ್ಲಿ ನಾವು ‘ಬಿಡ್ರಿ’ ಅನ್ನುವವರು, ಆದರೆ ಗೋಡೆಗೆ ಪುಸ್ತಕದ ಕನ್ನಡದ ‘ಬಿಡಿ’ಯೇ ಚೆಂದ. ನಾನು ಶಾಲೆ ಬಿಟ್ಟದ್ದು ಎರಡನೆಯ ಇಯತ್ತೆಯಲ್ಲಿ. (ಬಿಡುವ ಅಭ್ಯಾಸ ನನಗೆ ಚಿಕ್ಕಂದಿನಿಂದ ಇದೆ, ನೋಡಿ.) ದೀರ್ಘ ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂಬುದು ಆಗಿನ್ನೂ ಬಗೆಹರಿದಿರಲಿಲ್ಲ. ಮಾತಿಗೆ ಸ್ವಲ್ಪ ತೂಕ ಬರಲಿ ಎಂದು ‘ಬಿ’ ಮುಂದೆ ಒಂದು ದೀರ್ಘ ಎಳೆದೆ.

ಮರುದಿನ ಮಗ್ಗದಲ್ಲಿ ಕೂತಿದ್ದೇನೆ, ಮುದುಕನೊಬ್ಬ ಇಣುಕಿದ.

“ಒಂದ್ ಕಟ್ಟ ಕೊಡ್ರಿ.”

“ಎದರ ಕಟ್ಟೋ ಯಜ್ಜಾ?”

“ಬೀಡೀದರಿ. ಹೊರಗ ಅಷ್ಟ ದೊಡ್ಡದಾಗಿ ಬರದೀರಲ್ಲ!”

ಪಾಪ, ಅನಗೋಳದಿಂದ ನಡೆದು ಬಂದವನು. ನನ್ನ ಕಿಸೆಯಲ್ಲಿದ್ದ ಕಟ್ಟನ್ನೇ ಕೊಟ್ಟೆ. ಅವನು ಅದರಲ್ಲೊಂದು ತೆಗೆದು ನನಗೆ ಕೊಟ್ಟ. ಹಿರಿಯರು ಕೊಟ್ಟದ್ದನ್ನು ಒಲ್ಲೆ ಅನ್ನಲಾದೀತೆ?

ಆ ದೀರ್ಘ ಅಳಿಸಬಹುದಿತ್ತು. ಅಳಿಸಿದರೆ ತಪ್ಪು ಬರೆದದ್ದನ್ನು ಒಪ್ಪಿದಂತಾಗುತ್ತದೆ. ಆತ್ಮವಿಶ್ವಾಸಕ್ಕೆ ಅದು ಒಳ್ಳೆಯದಲ್ಲ.

ಇತ್ತ ಅಕ್ಕನ ಗಂಡ, ನಮ್ಮ ಮಾವನಿಗೆ, ಬೀಡಿಯ ಹಿಂದೆ ಕೆಮ್ಮು, ಕೆಮ್ಮಿನ ಹಿಂದೆ ಬೀಡಿ. ಬಿಡದಿದ್ದರೆ ಎದೆ ಉಳಿಯುವುದಿಲ್ಲ ಎಂದು ವೈದ್ಯರು ಹೇಳಿದ್ದರು. “ನನ್ನ ಕೈಲೆ ಆಗೂದಿಲ್ಲ” ಎಂದು ಮಾವ ಗೋಡೆಗೆ ಒರಗಿ ಕೂತುಬಿಟ್ಟರು. “ನನ್ನ ತಮ್ಮಗ ಆಗೇತಿ, ನಿಮಗ್ಯಾಕ ಆಗೂದಿಲ್ಲ? ಅವನ ಹಂತೇಕ ನಾಕ ದಿನ ಇದ್ದ ಕಲತ ಬರೂಣು, ನಡೀರಿ” ಎಂದು ಅಕ್ಕ ಅವರನ್ನು ರೈಲು ಹತ್ತಿಸಿಕೊಂಡು ಬಂದೇಬಿಟ್ಟಳು.

ನಮ್ಮ ಬಾಗಿಲಲ್ಲಿ ಮಾವ ನಿಂತರು. ಅಕ್ಷರ ಕೂಡಿಸಿ ಓದಿದರು. ಮುಖ ಅರಳಿತು.

“ಕೇಳಿಲ್ಲೆ, ನಿನ್ನ ತಮ್ಮ ಬಿಟ್ಟಿಲ್ಲ, ಅಂಗಡೀನ ಇಟ್ಟಾನ!”

ನಾನು ಹೊರಗೆ ಓಡಿಬಂದೆ. “ಇಲ್ಲಕ್ಕಾ, ಅದು ದೀರ್ಘ ಒಂದ ತಪ್ಪೇತಿ” ಅಂದೆ. ಮಾತಿನ ಜೊತೆಗೆ ಬಾಯಿಂದ ಹೊಗೆಯೂ ಬಂತು.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಇನ್ನೊಂದು ಸುಳ್ಳು ಹೇಳುತ್ತಿದ್ದೆ. ಕಂಕುಳಲ್ಲಿದ್ದ ಗಂಟನ್ನು ಕಟ್ಟೆಯ ಮೇಲಿಟ್ಟು, “ಖಾನಾಪುರದಿಂದ ಇಲ್ಲೀತನಕಾ ಒಂದೂ ಸೇದಿಲ್ಲೊ ಇವರು. ನಿನ್ನ ಹೆಸರ ಹೇಳಿ ಹೇಳಿ ಕರಕೊಂಡ ಬಂದೇನಿ” ಅಂದಳು.

ಮಾವನ ಕೈ ಆಗಲೇ ನನ್ನ ಕಿಸೆಯ ಕಡೆಗೆ ಬರುತ್ತಿತ್ತು. ನನ್ನ ಆತ್ಮವಿಶ್ವಾಸ ಆ ಹೊತ್ತಿಗೆ ಎಲ್ಲಿ ಹೋಯಿತೋ ಕಾಣೆ. ಅದು ಹೋಗಿ ಜಾಗ ಖಾಲಿಯಾದ ಮೇಲೆಯೇ ಬಾಯಿಗೆ ನಿಜ ಬಂದದ್ದು. ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

“ತಪ್ಪಾತಕ್ಕಾ. ನಾ ಬಿಟ್ಟಿಲ್ಲ, ಒಂದಿನಾನೂ ಬಿಟ್ಟಿಲ್ಲ, ನಿನಗ ಸುಳ್ಳ ಹೇಳಿದೆ. ಮಾವಾ, ನಿಮಗೂ ತಪ್ಪಾತರಿ. ಖಾನಾಪುರದಿಂದ ಇಲ್ಲೀತನಕಾ ಸೇದಲಾರದ ಹೆಂಗ ಬಂದ್ರಿ? ಒಳಗ ಬಂದ ಕುಂದರ್ರಿ, ಅದನ್ನ ಒಂದೀಟು ನನಗ ಕಲಿಸ್ರಿ.”