ಖೋದಾಕರಮನ ಪೊದೆ

ನಮ್ಮ ಬೆಟ್ಟದಲ್ಲಿ ಕಾಡುಬಾದಾಮಿ ಎರಡು ಜಾತಿ. ಎಲೆಗಿಂತ ಕಡ್ಡಿಯೇ ಹೆಚ್ಚಾಗಿ ಪೊರಕೆಯ ಹಾಗೆ ನೆಟ್ಟಗೆ ನಿಲ್ಲುವುದು ಅರ್ಜನ್. ಕುಳ್ಳಗಿದ್ದು, ಮೈತುಂಬ ಮುಳ್ಳಿಟ್ಟುಕೊಂಡು ದಾರಿಹೋಕರ ಬಟ್ಟೆ ಎಳೆಯುವುದು ತಂಗ್ರಸ್. ಎರಡರ ಬೀಜವೂ ಕಹಿ. ನೀರು ಬದಲಿಸಿ ಬದಲಿಸಿ ನೆನೆಹಾಕದೆ ಬಾಯಿಗಿಡುವಂತಿಲ್ಲ. ಮೇಕೆ ಕಾಯುವವನ ಬದುಕಿಗೆ ಇಷ್ಟು ತಿಳಿದಿದ್ದರೆ ಸಾಕು. ಖೋದಾಕರಮನಿಗೂ ಸಾಕಾಗಿತ್ತು, ಶಿರಾಜಿನಿಂದ ಸಸ್ಯಶಾಸ್ತ್ರದ ಮೇಷ್ಟ್ರು ಬರುವವರೆಗೆ.

ನೀರಿನ ಊಟೆಯ ಮೇಲೆ, ಬಂಡೆಯ ಪಕ್ಕ ಒಂದು ಪೊದೆಯಿತ್ತು. ಅರ್ಜನ್ನಿನ ಎತ್ತರ, ತಂಗ್ರಸ್ಸಿನ ಮುಳ್ಳು. ಮೇಷ್ಟ್ರು ಅದರ ಸುತ್ತ ಸುತ್ತಿದರು, ಹೂವಿಗೆ ಭೂತಗನ್ನಡಿ ಹಿಡಿದರು, ಒಂದು ರೆಂಬೆ ಕತ್ತರಿಸಿ ಕಾಗದಗಳ ನಡುವೆ ಒತ್ತಿಟ್ಟರು. ಇದು ಅದೂ ಅಲ್ಲ, ಇದೂ ಅಲ್ಲ, ಬೇರೆಯದೇ ಜಾತಿ, ಜಗತ್ತಿನಲ್ಲಿ ಇದೊಂದೇ ಗಿಡ, ಲ್ಯಾಟಿನ್ನಿನಲ್ಲಿ ಹೆಸರಿಡುತ್ತೇನೆ ಎಂದರು. ಹೊರಡುವಾಗ ಖೋದಾಕರಮನ ಭುಜ ಹಿಡಿದುಕೊಂಡರು.

"ಇದನ್ನ ನಿನ್ನ ಕೈಗೆ ಒಪ್ಪಿಸಿದೀನಪ್ಪ. ಮೇಕೆ ಬಾಯಿ ತಾಗಬಾರ್ದು."

ಹುಟ್ಟಿದಾಗಿನಿಂದ ಯಾರೂ ಏನನ್ನೂ ಒಪ್ಪಿಸದ ಮನುಷ್ಯ ಅವನು. ಆ ಮಾತನ್ನು ತಲೆ ಮೇಲೆ ಹೊತ್ತುಕೊಂಡ. ಪೊದೆಯ ಸುತ್ತ ಕಲ್ಲಿನ ಗೋಡೆ ಕಟ್ಟಿದ. ಒಂದು ವಸಂತದಲ್ಲಿ ತಮ್ಮ ಐವಜನ ಮೇಕೆ ಆ ಗೋಡೆ ಹಾರಿ ಚಿಗುರಿಗೆ ಬಾಯಿ ಹಾಕಿತು. ಇವನು ಬೀಸಿದ ಕಲ್ಲಿಗೆ ಅದರ ಕಾಲು ಮುರಿಯಿತು. ಒಂದು ಗಿಡಕ್ಕೋಸ್ಕರ ಒಡಹುಟ್ಟಿದವನ ಮೇಕೆ ಕಾಲು ಮುರಿಯುತ್ತೀಯಾ ಎಂದು ಐವಜ ಕೂಗಾಡಿದ. ಇದು ಗಿಡವಲ್ಲ ಕಣೋ, ಜಾತಿ, ನಿನ್ನ ಮೇಕೆಯಂಥವು ಬೇಕಾದಷ್ಟಿವೆ ಎಂದು ಇವನೂ ಎಗರಾಡಿದ. ಆ ಚಳಿಗಾಲಕ್ಕೆ ಡೇರೆ ಕಿತ್ತು ಇಳಿದ ಐವಜ ಮತ್ತೆ ಮೇಲೆ ಬರಲಿಲ್ಲ. ಕೆಳಗೆ ಕಾಜೆರೂನ್ ಪಟ್ಟಣದಲ್ಲಿ ಇಟ್ಟಿಗೆ ಹೊರುವ ಕೆಲಸ ಹಿಡಿದ.

ಬಳಗದವರೂ ಒಬ್ಬೊಬ್ಬರಾಗಿ ಇಳಿದರು. ಖೋದಾಕರಮ್ ಉಳಿದ. ಪೊದೆಗೆ ಸವತಿಯಾಗಿ ಯಾರು ಬರುತ್ತಾರೆ ಎಂದು ಹೆಂಗಸರು ನಗುತ್ತಿದ್ದರು. ಆಮೇಲೆ ನಗುವುದಕ್ಕೂ ಹೆಂಗಸರಿರಲಿಲ್ಲ. ರೊಟ್ಟಿ ತಾನೇ ಬೇಯಿಸಿಕೊಂಡ, ಚಹಾಕ್ಕೆ ಒಂದೇ ಲೋಟ ಇಟ್ಟುಕೊಂಡ, ಹೇಳಬೇಕಾದ್ದನ್ನೆಲ್ಲ ಮೇಕೆಗಳಿಗೆ ಹೇಳಿದ. ಒಂಟಿತನ ಅವನನ್ನು ತಿನ್ನುತ್ತಿತ್ತು. ಅದನ್ನು ಮುಚ್ಚಿಟ್ಟು ಏನು ಪ್ರಯೋಜನ? ಹಾಗೇ ಮುದುಕನಾದ.

ಈ ವರ್ಷ ಬಾದಾಮಿ ಹೂ ಬಿಟ್ಟಾಗ ಮೇಷ್ಟ್ರ ಶಿಷ್ಯೆ ಮಹನಾಜ್ ಬಂದಳು. ಮೇಷ್ಟ್ರು ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಒಳ್ಳೆಯ ಹುಡುಗಿ, ಬಂದ ವಿಷಯ ಹೇಳಲಾರದೆ ಒದ್ದಾಡಿದಳು.

"ಇದು ಬೇರೆ ಜಾತಿ ಅಲ್ಲ ಚಿಕ್ಕಪ್ಪ. ಅರ್ಜನ್ನು, ತಂಗ್ರಸ್ಸು ಅಕ್ಕಪಕ್ಕ ಇದ್ರೆ ಜೇನ್ನೊಣ ಒಂದರ ಹೂವಿನ ಪುಡಿ ತಂದು ಇನ್ನೊಂದಕ್ಕೆ ತಾಗಿಸ್ತವೆ. ಹಾಗೆ ಹುಟ್ಟಿದ ಬೆರಕೆ ಇದು. ಬೇರೆ ಬೆಟ್ಟದಲ್ಲೂ ಸಿಕ್ಕಿವೆ. ಮೇಷ್ಟ್ರು ಇಟ್ಟ ಹೆಸರನ್ನ ಕೈಬಿಟ್ಟಿದೀವಿ."

"ಹೇಸರಗತ್ತೆ ಅನ್ನು," ಎಂದ ಖೋದಾಕರಮ್.

ಅವಳಿಗೆ ನಗು ಬರಲಿಲ್ಲ. ಇನ್ನು ನೀವು ಕಾಯಬೇಕಾಗಿಲ್ಲ ಎಂದು ಹೇಳಿ ಹೋದಳು.

ಅವನು ಪೊದೆಯ ಮುಂದೆ ಕೂತ. ಸಿಟ್ಟು ಬಂತು, ಅಳು ಬಂತು. ಆಮೇಲೆ ಮನಸ್ಸು ಹಗುರವೂ ಆಯಿತು. ಇನ್ನು ಇಳಿಯಬಹುದು. ನೀನು ಅಂದದ್ದೇ ಸರಿ ಐವಜ, ಅದು ಬರೀ ಗಿಡ, ನಿನ್ನ ಮನೆಯಲ್ಲಿ ಒಂದು ಮೂಲೆ ಕೊಡು ಎಂದು ಕೇಳಿದರೆ ತಮ್ಮ ಇಲ್ಲವೆನ್ನಲಾರ. ಮೇಕೆಗಳನ್ನು ಪಕ್ಕದ ಕಣಿವೆಯವನ ವಶಕ್ಕೆ ಬಿಟ್ಟು ಬಸ್ಸು ಹತ್ತಿದ.

ಕಾಜೆರೂನಿನಲ್ಲಿ ಬಾಗಿಲು ತೆರೆದ ತಮ್ಮನ ಹೆಂಡತಿ ಗೋಲ್ತಾಜ್ ಕಣ್ಣೀರು ಹಾಕಿದಳು. ಬೆನ್ನು ಬಾಗಿದ ಐವಜ ಅಣ್ಣನನ್ನು ಬಿಗಿದಪ್ಪಿದ. ಮೇಕೆಯ ಮಾತು ಅವನ ಬಾಯಲ್ಲಿ ಬರಲೇ ಇಲ್ಲ. ಕೋಣೆಯ ಮೇಲ್ತುದಿಯಲ್ಲಿ, ದೊಡ್ಡವರು ಕೂರುವ ಜಾಗದಲ್ಲಿ, ಒಳ್ಳೆಯ ದಿಂಬಿನ ಪಕ್ಕ ಕೂರಿಸಿ ಚಹಾ ಕೊಟ್ಟು ನೆರೆಯವರನ್ನೆಲ್ಲ ಕರೆದ.

"ಇವ್ನೇ ನಮ್ಮಣ್ಣ. ಯಾವಾಗ್ಲೂ ಹೇಳ್ತಿರ್ಲಿಲ್ವಾ? ಜಗತ್ತಲ್ಲಿ ಒಂದೇ ಒಂದಿರೋ ಗಿಡ ಇವ್ನ ಕಾವಲಲ್ಲಿದೆ. ನಾವೆಲ್ಲ ಇಟ್ಟಿಗೆ ಹೊತ್ತು ಮಣ್ಣಾದ್ವಿ. ನಮ್ಮ ಮನೆತನದಲ್ಲಿ ಹೇಳ್ಕೊಳ್ಳೋಕೆ ಅಂತ ಇರೋನು ಇವ್ನೊಬ್ನೇ."

ನೆರೆಯವರು ಎದೆಗೆ ಕೈಯಿಟ್ಟು ತಲೆ ಬಾಗಿಸಿದರು. ಖೋದಾಕರಮನಿಗೆ ಮಾತು ನಾಲಗೆ ತುದಿಗೆ ಬಂದಿತ್ತು. ತಮ್ಮನ ಮುಖ ನೋಡಿದ. ಅಷ್ಟು ಸಂತೋಷವನ್ನು ಆ ಮುಖದಲ್ಲಿ ಅವನು ಚಿಕ್ಕಂದಿನಲ್ಲೂ ಕಂಡಿರಲಿಲ್ಲ.

"ಹೇಗಿದೆ ಅಣ್ಣ ಅದು?"

"ಚೆನ್ನಾಗಿದೆ. ಈ ಸಲ ಹೂ ಜಾಸ್ತಿ," ಎಂದ.

ನೆರೆಯವರು ಎದ್ದುಹೋದ ಮೇಲೆ ಗೋಲ್ತಾಜ್, ವಯಸ್ಸಾಯಿತು, ಆ ಬೆಟ್ಟದಲ್ಲಿ ಯಾರಿದ್ದಾರೆ, ಇಲ್ಲೇ ಇದ್ದುಬಿಡಿ ಭಾವ ಎಂದಳು. ಅವನು ಬಾಯಿ ತೆರೆಯುವ ಮೊದಲೇ ಐವಜ ಗದರಿದ.

"ಸುಮ್ನಿರೇ. ಅದನ್ನ ಯಾರಿಗೆ ಬಿಟ್ಟು ಬರ್ತಾನೆ?"

ಖೋದಾಕರಮ್ ಹೌದೆಂದು ತಲೆಯಾಡಿಸಿದ. ಬೆಳಗ್ಗೆ ಐವಜನೇ ಜೊತೆಗೆ ಬಂದು ಅವನನ್ನು ಬೆಟ್ಟದ ಬಸ್ಸಿಗೆ ಹತ್ತಿಸಿದ.