ಹಾಲ್ವರನ ಭಾಷೆ, ಡ್ವೇನನ ಬಸ್ಸು

ಹಾಲ್ವರ್ ಬ್ರೆಕ್ಕೆಯನ್ನು ಮಣ್ಣು ಮಾಡಿ ಬಂದವರೆಲ್ಲ ಚರ್ಚಿನ ನೆಲಮಾಳಿಗೆಯಲ್ಲಿ ಊಟಕ್ಕೆ ಕೂತಿದ್ದರು. ಐಲಾ ಕಿವೆಲಾ ತಟ್ಟೆಯಲ್ಲಿದ್ದ ಹಾಟ್‌ಡಿಶ್ ಎಂಬ ಬೇಯಿಸಿದ ಆಲೂಗಡ್ಡೆ ತಿನಿಸನ್ನು ಸುಮ್ಮನೆ ಕೆದಕುತ್ತಿದ್ದಳು. ಅವಳಿಗೂ ಹಾಲ್ವರನಿಗೂ ಸಂಬಳ ಕೊಡುತ್ತಿದ್ದ ಡ್ವೇನ್ ಬಂದು ಎದುರಿಗೆ ಕೂತ. ಅಮೆರಿಕದ ಡುಲೂತ್ ಊರಿನ ಬಂದರಿನ ಪಕ್ಕದ ಆ ಸಣ್ಣ ಸಾಫ್ಟ್‌ವೇರ್ ಕಂಪನಿ ಅವನದು.

“ಹೋಗ್ಬಿಟ್ಟ ನೋಡು. ನಾನು ಹೇಳ್ತಾನೇ ಇದ್ದೆ,” ಅಂದ, ಕಾಫಿ ಕಲಕುತ್ತ.

ಅವನು ಹೇಳುತ್ತಿದ್ದದ್ದು ಐಲಾಳಿಗೆ ಬಾಯಿಪಾಠ. ಯಾವ ಹೊಸ ಕೆಲಸ ಬಂದರೂ ಮೊದಲ ಸಭೆಯಲ್ಲೇ ಅವನು ಹಾಲ್ವರನ ಕಡೆ ತಿರುಗಿ, “ನಾಳೆ ನಿನಗೆ ಬಸ್ಸು ಗುದ್ದಿದ್ರೆ ಇದನ್ನ ನೋಡ್ಕೊಳ್ಳೋರು ಯಾರಪ್ಪಾ?” ಎಂದು ಕೇಳಿ ತಾನೇ ನಗುತ್ತಿದ್ದ. ಈ ಕಸುಬಿನ ಯಜಮಾನರೆಲ್ಲ ಕೇಳುವ ಪ್ರಶ್ನೆಯೇ ಅದು. ಡ್ವೇನ್ ಮಾತ್ರ ಆ ಬಸ್ಸನ್ನು ತಾನೇ ಕಟ್ಟಿಸಿದವನ ಹಾಗೆ ಕೇಳುತ್ತಿದ್ದ.

ಹಿಮ ಗುಡಿಸುವ ಲಾರಿಗಳನ್ನು ರಸ್ತೆಗೆ ಕಳಿಸುವ ಪ್ರೋಗ್ರಾಂ ಬೇಕೆಂದು ಕೌಂಟಿ ಆಡಳಿತದವರು ಬಂದಾಗಲೂ ಅದೇ ಪ್ರಶ್ನೆ ಬಂತು. ಎಲ್ಲರೂ ಬರೆಯುವ ಕಂಪ್ಯೂಟರ್ ಭಾಷೆ ಜಾವಾಸ್ಕ್ರಿಪ್ಟಿನಲ್ಲೇ ಬರೆಯಬೇಕೆಂದು ಡ್ವೇನನ ಹಟ. ಎರ್ಲಾಂಗಿನಲ್ಲಿ ಬರೆಯೋಣ ಎಂದ ಹಾಲ್ವರ್. ಟೆಲಿಫೋನಿನವರಿಗಾಗಿ ಹುಟ್ಟಿದ ಆ ಭಾಷೆಯನ್ನು ಬಲ್ಲವರು ಊರಿನಲ್ಲಿ ಅವನನ್ನು ಬಿಟ್ಟರೆ ಇರಲಿಲ್ಲ.

“ಹಿಮಗಾಳೀಲಿ ಒಂದು ಲಾರಿಯ ಲೆಕ್ಕ ಕೆಟ್ರೆ ಅದೊಂದೇ ಬೀಳ್ಬೇಕು, ಬಿದ್ದು ತಾನೇ ಏಳ್ಬೇಕು. ಮಿಕ್ಕಿದ್ದು ನಿಲ್ಬಾರ್ದು. ಈ ಭಾಷೆ ಇರೋದೇ ಅದಕ್ಕೆ,” ಎಂದ ಹಾಲ್ವರ್.

“ಅದಕ್ಕೆ ಜನ ಸಿಗಲ್ವಲ್ಲೋ.”

“ಜನ ಸಿಗ್ತಾರೆ ಅಂತ ಭಾಷೆ ಆರಿಸೋನು, ಗ್ಯಾರೇಜು ಹತ್ರ ಇದೆ ಅಂತ ಡಕೋಟಾ ಲಾರಿ ಕೊಳ್ಳೋನು ಇಬ್ರೂ ಒಂದೇ.”

ಕೊನೆಗೆ ಲಾರಿಗಳ ಪ್ರೋಗ್ರಾಂ ಎರ್ಲಾಂಗಿನಲ್ಲೇ ಆಯಿತು. ಹಾಗಂತ ಹಾಲ್ವರ್ ಸಾಧುವೇನೂ ಅಲ್ಲ. ಇನ್ನೊಬ್ಬರು ಬರೆದದ್ದನ್ನು ಓದಿ ಕೆಳಗೆ “ಕಸ” ಎಂದು ಬರೆದು ವಾಪಸು ಕಳಿಸುತ್ತಿದ್ದ. ಕೆಲಸದ ಮೇಜಿನಲ್ಲೇ ಕೂತು ಉಪ್ಪುಮೀನು ತಿನ್ನುತ್ತಿದ್ದ, ವಾಸನೆಗೆ ಯಾರಾದರೂ ಮೂಗು ಮುಚ್ಚಿದರೆ ಖುಷಿಪಡುತ್ತಿದ್ದ. ಅವನು ಆರಿಸಿದ್ದೆಲ್ಲ ಗೆದ್ದಿತ್ತು ಅಂತಲೂ ಅಲ್ಲ. ಒಮ್ಮೆ ಹಡಗುಕಟ್ಟೆಯ ಕೆಲಸಕ್ಕೆ ಹಿಡಿದ ಭಾಷೆಯನ್ನು ಅದನ್ನು ಹುಟ್ಟಿಸಿದವನೇ ಕೈಬಿಟ್ಟ. ಹಾಲ್ವರ್ ಯಾರ ಹತ್ತಿರವೂ ಮಾತಾಡದೆ ಇಡೀ ಬೇಸಿಗೆ ಕೂತು ಆ ಕೆಲಸವನ್ನೆಲ್ಲ ಬೇರೆ ಭಾಷೆಯಲ್ಲಿ ತಿರುಗಿ ಬರೆದ. ಡ್ವೇನ್ ಅದನ್ನು ಮರೆಯಲು ಬಿಡಲಿಲ್ಲ.

ಮೇದೋಜೀರಕದ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಹಾಲ್ವರ್ ಒಂದು ಜಾಹೀರಾತು ಹಾಕಿದ. ‘ಎರ್ಲಾಂಗ್ ಬಲ್ಲವರು ಅಥವಾ ಕಲಿಯುವ ಹಟ ಇರುವವರು ಬೇಕು. ಮೀನಿನ ವಾಸನೆ ಸಹಿಸಬೇಕು.’ ಬಂದವಳು ಐಲಾ. ಅವಳ ಮೊದಲ ಬರವಣಿಗೆಯ ಕೆಳಗೂ “ಕಸ” ಎಂದೇ ಬಂತು. ಚಳಿಗಾಲ ಕಳೆಯುವ ಹೊತ್ತಿಗೆ, ಹೆಪ್ಪುಗಟ್ಟಿದ ಸರೋವರಕ್ಕೆ ತೂತು ಕೊರೆದು ಇಬ್ಬರೂ ಗಾಳ ಹಾಕಿ ಕೂರುವಷ್ಟು ಸ್ನೇಹವಾಗಿತ್ತು. ಅವಳು ಬರೆದದ್ದರ ಕೆಳಗೆ ಹಾಲ್ವರ್ ಏನೂ ಬರೆಯದೆ ಬಿಟ್ಟ ದಿನ ಐಲಾ ಮನೆಗೆ ಹೋಗಿ ಗಂಡನಿಗೆ ಹೇಳಿ ಅತ್ತಿದ್ದಳು.

ಈಗ ಡ್ವೇನ್ ನಿಂಬೆಹಣ್ಣಿನ ಸಿಹಿ ಬಾರ್ ಕಚ್ಚುತ್ತ, “ಸೋಮವಾರದಿಂದ ಎಲ್ಲಾ ಹೊಸದಾಗಿ ಬರೆಸೋಣ. ಎಲ್ರಿಗೂ ಬರೋ ಭಾಷೇಲಿ. ಅವನೇ ಇಲ್ಲ ಅಂದ್ಮೇಲೆ ನೋಡ್ಕೊಳ್ಳೋರು ಯಾರು?” ಎಂದ.

“ನಾನು.”

“ನೀನೊಬ್ಳೇ ಅಲ್ವಾ. ನಾಳೆ ನಿನಗೆ...”

“ಹೇಳು ಡ್ವೇನ್. ಬಸ್ಸು ತಾನೇ?”

ಅವನು ಬಾರನ್ನು ತಟ್ಟೆಗೆ ಹಾಕಿದ.

“ದೋಣಿ ಬಾಡಿಗೆಯೋರ ಕೆಲಸಾನ ನೀನು ಎಲ್ರಿಗೂ ಬರೋ ಭಾಷೇಲೇ ಬರೆಸ್ದೆ,” ಎಂದಳು ಐಲಾ. “ಬರೆದ ಹುಡುಗ್ರು ಎಲ್ಲಿ?”

“ಮಿನಿಯಾಪೊಲಿಸ್ಸಲ್ಲಿ ಒಳ್ಳೆ ಸಂಬಳ ಸಿಕ್ತು ಅಂತ ಹೋದ್ರು.”

“ಅವರ ಜಾಗಕ್ಕೆ ಬಂದೋರು?”

“ಅವ್ರೂ ಹೋದ್ರು.”

“ಅವರಿಗೆಲ್ಲ ಯಾವ ಬಸ್ಸು ಗುದ್ತು? ಎಲ್ಲಾ ಕಡೆ ಸಿಗೋರನ್ನ ಎಲ್ಲಾ ಕಡೆಯೋರೂ ಕರೀತಾರೆ ಮಾರಾಯ. ಹಾಲ್ವರ್ ಸಾಯೋವರೆಗೂ ಇದ್ದ. ಸಾಯೋದ್ರೊಳಗೆ ನನಗೆ ಕಲಿಸಿಟ್ಟು ಹೋದ. ನೀನು ಇಷ್ಟು ವರ್ಷ ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟೋನು ಅವನೊಬ್ನೇ. ನಿನಗೆ ಉತ್ತರ ಬೇಕಾಗೇ ಇರ್ಲಿಲ್ಲ, ನಗೋಕೊಂದು ಬಸ್ಸು ಬೇಕಿತ್ತು.”

ಪಕ್ಕದ ಮೇಜಿನವರು ಚಮಚ ನಿಲ್ಲಿಸಿದರು. ಚರ್ಚಿನ ಊಟದಲ್ಲಿ ದನಿ ಏರಿಸುವ ರೂಢಿ ಅಲ್ಲಿಲ್ಲ. ಐಲಾ ಏರಿಸಿಯೂ ಇರಲಿಲ್ಲ.

“ಯೋಚ್ನೆ ಮಾಡ್ತೀನಿ,” ಎಂದ ಡ್ವೇನ್. ಅವನು ಹಾಗೆಂದರೆ ಬೇರೆ ಯಾರಾದರೂ ತೀರ್ಮಾನ ಮಾಡಬಹುದು ಎಂದರ್ಥ.

ಐಲಾ ಅಲ್ಲೇ ಫೋನು ತೆಗೆದು, ತಾನು ಕಲಿಸಿಡಬೇಕಾದ ಇನ್ನೊಬ್ಬರಿಗಾಗಿ ಹಾಲ್ವರನ ಹಳೆಯ ಜಾಹೀರಾತನ್ನು ಹಾಗೇ ಮತ್ತೆ ಹಾಕಿದಳು. ಮೀನಿನ ಮಾತನ್ನು ಅಳಿಸಬೇಕಿತ್ತು, ಹಾಲ್ವರನ ಮೇಜಿನಲ್ಲಿ ಇನ್ನು ಯಾರೂ ಮೀನು ತಿನ್ನುವುದಿಲ್ಲ. ಬೆರಳು ಅಲ್ಲಿಗೆ ಹೋಯಿತು, ಅಳಿಸಲಾಗಲಿಲ್ಲ.