ಸೆಸ್ತ್ರೊ ಎಂದರೆ ಯಾರು ತಿರುಗುತ್ತಾರೆ

ನನ್ನ ಅಕ್ಕನ ಮಗಳು ಬೆಲ್ಮಾ ನರ್ಸಿಂಗ್ ಶಾಲೆ ಆರಿಸಿದ್ದು ನನ್ನನ್ನು ಬೆಂಚಿನ ಮೇಲೆ ಕೂರಿಸಿ, ನರಳಿಸಿ. ಇದನ್ನು ಹೇಳಿದರೆ ನಮ್ಮ ಮಾಗ್ಲಾಯ್ ಪೇಟೆಯವರು ಈಗಲೂ ಬಿದ್ದು ಬಿದ್ದು ನಗುತ್ತಾರೆ. ನಗಲಿ. ಹೊಟ್ಟೆನೋವು ಬಂದರೆ ಅದೇ ಜನ ನನ್ನ ನೂಲಿನ ಅಂಗಡಿಯ ಬಾಗಿಲಿಗೆ ಬಂದು, "ಬೆಲ್ಮಾಗೆ ಇವತ್ತು ಡ್ಯೂಟಿ ಇದೆಯಾ?" ಎಂದು ಕೇಳುತ್ತಾರೆ.

ನಮ್ಮ ಬೋಸ್ನಿಯಾದ ಮಾತಿನಲ್ಲಿ ಒಡಹುಟ್ಟಿದವಳಿಗೂ ಆಸ್ಪತ್ರೆಯ ದಾದಿಗೂ ಒಂದೇ ಹೆಸರು, ಸೆಸ್ತ್ರಾ. ಕೂಗಿ ಕರೆಯುವಾಗ ಅದು ಸೆಸ್ತ್ರೊ ಆಗುತ್ತದೆ. ಬೆಲ್ಮಾಳ ಅಪ್ಪ ಕೊನೆಯ ಸಲ ಆಸ್ಪತ್ರೆಯಲ್ಲಿ ಮಲಗಿದ್ದಾಗ ಬಾಯಾರಿ "ಸೆಸ್ತ್ರೊ, ಸೆಸ್ತ್ರೊ" ಎಂದು ಕರೆಯುತ್ತಲೇ ಇದ್ದ. ಯಾರೂ ಬರಲಿಲ್ಲ. ಆಗ ಬೆಲ್ಮಾ ಇನ್ನೂ ಪುಟ್ಟ ಹುಡುಗಿ. ತಾನೇ ಓಡಿ ಹೋಗಿ, ಯಾರದೋ ಲೋಟ ಎತ್ತಿಕೊಂಡು ನೀರು ತಂದಳು. ಅಪ್ಪ ಕುಡಿದು, "ದೇವರು ನಿನ್ನ ಚೆನ್ನಾಗಿಟ್ಟಿರಲಿ, ಸೆಸ್ತ್ರೊ" ಅಂದ. ಜ್ವರದಲ್ಲಿ ಮಗಳ ಗುರುತು ಸಿಕ್ಕಿರಲಿಲ್ಲ. ನಾವು ಹೆಂಗಸರು ಬಾಗಿಲಲ್ಲಿ ನಿಂತು ಅತ್ತೆವು, ಅವಳು ಅಳಲಿಲ್ಲ. ಈ ಹುಡುಗಿ ಏನಾಗುತ್ತಾಳೆ ಎಂಬುದು ನನಗೆ ಅವತ್ತೇ ಗೊತ್ತಾಯಿತು.

ಅಪ್ಪ ಹೋದ ಮೇಲೆ ಮನೆಯ ಹಿರಿತನ ಅವಳ ಅಣ್ಣ ಮಿರ್ಸಾದನ ಹೆಗಲಿಗೆ ಬಿತ್ತು. ಅವನು ಜರ್ಮನಿಯಲ್ಲಿ ಲಾರಿಗೆ ಸಾಮಾನು ತುಂಬುವ ಕೆಲಸ ಹಿಡಿದ. ಒಳ್ಳೆಯ ಹುಡುಗ, ತಾಯಿಯ ಮೇಲೆ ಪ್ರಾಣ. ಆದರೆ ಹಟಕ್ಕೆ ನಿಂತರೆ ಹೇಸರಗತ್ತೆಯೂ ಅವನಿಗೆ ಸಲಾಂ ಹೊಡೆಯಬೇಕು. ಬೆಲ್ಮಾ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾಗ ಅವನು ಬೈರಾಮ್ ಹಬ್ಬಕ್ಕೆ ಊರಿಗೆ ಬಂದ. ಬಂದವನೇ ತಂಗಿಯ ಮುಂದೆ ಒಂದು ಖಾಸಗಿ ನರ್ಸಿಂಗ್ ಶಾಲೆಯ ಬಣ್ಣದ ಚಿತ್ರಗಳನ್ನು ಹರಡಿದ.

"ನೋಡೇ ಸೆಸ್ತ್ರೊ, ಇಲ್ಲಿ ಮೊದಲ ದಿನದಿಂದಲೇ ಜರ್ಮನ್ ಕಲಿಸ್ತಾರೆ. ಓದು ಮುಗೀತು ಅಂದ್ರೆ ಸೀದಾ ನನ್ನ ಊರಿಗೆ ಬರ್ತೀಯ. ನನ್ನ ಮನೇಲೇ ಇರ್ತೀಯ. ಅಡುಗೆ ಕೂಡ ನಾನೇ ಮಾಡ್ತೀನಿ ಬೇಕಾದ್ರೆ."

"ನೀನು ಅಡುಗೆ ಮಾಡಿದ್ರೆ ಅಲ್ಲಿ ನಾನು ನರ್ಸ್ ಆಗಲ್ಲ ಅಣ್ಣಾ, ಪೇಷಂಟ್ ಆಗ್ತೀನಿ," ಅಂದಳು ಬೆಲ್ಮಾ.

ಅವನು ನಗಲಿಲ್ಲ. ಆ ಶಾಲೆಯ ಗುಣಗಾನ ಶುರು ಮಾಡಿದ. ನನ್ನ ಅಕ್ಕ ರಾಸೆಮಾ ಒಂದು ಕಾಫಿ ಕೊಟ್ಟಳು, ಎರಡನೆಯದೂ ಕೊಟ್ಟಳು, ಅವನ ಬಾಯಿ ನಿಲ್ಲಲಿಲ್ಲ. ನಮ್ಮಲ್ಲಿ ಮೂರನೇ ಕಾಫಿ ಬಗ್ಗಿಸಿದರೆ ಇನ್ನು ಎದ್ದು ಹೊರಡಿ ಎಂದು ಅರ್ಥ. ನಾನೇ ಹೋಗಿ ಬಗ್ಗಿಸಿದೆ.

"ಚಿಕ್ಕಿ, ಇದು ನನ್ನ ಮನೆ!" ಎಂದು ಕಣ್ಣು ಬಿಟ್ಟ.

"ಅದಕ್ಕೇ ಕಣಪ್ಪಾ, ಎದ್ದು ಅಂಗಳಕ್ಕಾದ್ರೂ ಹೋಗು. ಹುಡುಗಿ ಸ್ವಲ್ಪ ಯೋಚನೆ ಮಾಡ್ಲಿ."

ಅಂಗಳಕ್ಕೆ ಹೋದವನು ಬೇಲಿ ಹಿಡಿದು ತುಂಬಾ ಹೊತ್ತು ನಿಂತಿದ್ದ. ಅವನಿಗೆ ಜರ್ಮನಿಯಲ್ಲಿ ತನ್ನವರೆಂದು ಯಾರೂ ಇರಲಿಲ್ಲ. ಕೆಲಸ ಮುಗಿಸಿ ಖಾಲಿ ಕೋಣೆಯ ಬೀಗ ತೆಗೆಯುವುದು ಅವನಿಗೆ ಸಾಕಾಗಿತ್ತು. ಇದು ನಮಗೆಲ್ಲ ಗೊತ್ತಿತ್ತು, ಬೆಲ್ಮಾಳಿಗೆ ಎಲ್ಲರಿಗಿಂತ ಹೆಚ್ಚು ಗೊತ್ತಿತ್ತು. ಅದಕ್ಕೇ ಅವಳು ಕೂಡಲೇ ಆಗಲ್ಲ ಅನ್ನಲಿಲ್ಲ. ಎರಡೂ ಶಾಲೆ ಕಣ್ಣಾರೆ ನೋಡಿ ಬರುತ್ತೇನೆ ಅಂದಳು. ಒಂದು ಅಣ್ಣನ ಖಾಸಗಿ ಶಾಲೆ. ಇನ್ನೊಂದು, ನಮ್ಮಿಂದ ಬಸ್ಸಿನಲ್ಲಿ ಹೋಗಿ ಬರಬಹುದಾದ ಕಾರ್ಖಾನೆ ಊರಿನ ಸರ್ಕಾರಿ ಶಾಲೆ. ಜೊತೆಗೆ ಹೊರಡಲು ನಾನು ಸಿಕ್ಕಿದೆ.

ಬಸ್ಸಿನಲ್ಲಿ ಕೂತ ಮೇಲೆ ಮೆಲ್ಲಗೆ ಬಾಯಿ ಬಿಟ್ಟಳು. "ಚಿಕ್ಕಿ, ಅಲ್ಲಿ ಹೋದ ಮೇಲೆ ನೀನು ಒಂದು ಕಡೆ ಕೂತ್ಕೊಂಡು ಸೆಸ್ತ್ರೊ ಅಂತ ನರಳ್ಬೇಕು."

"ನಿಂಗೆ ತಲೆ ಕೆಟ್ಟಿದೆಯಾ?"

"ಶಾಲೆ ಬಗ್ಗೆ ಕೇಳಿದ್ರೆ ಎಲ್ರೂ ಒಳ್ಳೇದೇ ಹೇಳ್ತಾರೆ. ನೀನು ಕರೆದಾಗ ಯಾರು ತಿರುಗಿ ನೋಡ್ತಾರೆ ಅಂತ ನಾನು ನೋಡ್ಬೇಕು."

"ನಾನು ಗಟ್ಟಿಮುಟ್ಟಾಗಿದ್ದೀನಿ ಕಣೇ. ಯಾರು ನಂಬ್ತಾರೆ?"

"ಅಂಗಡಿಗೆ ಚೌಕಾಸಿ ಗಿರಾಕಿ ಬಂದಾಗ ಮುಖ ಮಾಡ್ತೀಯಲ್ಲ, ಅದನ್ನೇ ಮಾಡು. ಸಾಕು."

ಖಾಸಗಿ ಶಾಲೆ ಕನ್ನಡಿಯಂತೆ ಹೊಳೆಯುತ್ತಿತ್ತು. ಸಾಲು ಮಂಚ, ಬಿಳಿ ಹಾಸಿಗೆ, ಮಂಚಗಳ ಮೇಲೆ ರಬ್ಬರಿನ ಗೊಂಬೆಗಳು. ಒಂದು ಗೊಂಬೆಯಂತೂ ಉಸಿರಾಡುತ್ತಿತ್ತು. ರೋಗಿಗಳು ಎಲ್ಲಿ ಎಂದು ಬೆಲ್ಮಾ ಕೇಳಿದಳು. ಕೊನೆಯ ವರ್ಷದಲ್ಲಿ ಒಂದಿಷ್ಟು ದಿನ ಆಸ್ಪತ್ರೆಗೆ ಕಳಿಸುತ್ತೇವೆ ಎಂದರು. ನಾನು ಮೊಗಸಾಲೆಯ ಸೋಫಾದಲ್ಲಿ ಕುಸಿದು ಪಕ್ಕೆ ಹಿಡಿದುಕೊಂಡು "ಸೆಸ್ತ್ರೊ..." ಅಂದೆ. ಹುಡುಗಿಯರು ಜರ್ಮನ್ ಪಾಠ ಉರು ಹೊಡೆಯುತ್ತಾ ನನ್ನ ಕಾಲು ದಾಟಿಕೊಂಡು ಹೋದರು. ಇನ್ನೊಮ್ಮೆ ಅಂದೆ. ಮೇಜಿನ ಹಿಂದಿನ ಹೆಂಗಸು ತಲೆ ಎತ್ತದೆ, "ಅಡ್ಮಿಷನ್ ಬಗ್ಗೆನಾ? ಪಕ್ಕದ ಕೋಣೆ," ಅಂದಳು.

ಹೊರಗೆ ಬಂದ ಮೇಲೆ ಬೆಲ್ಮಾ, "ಆ ಉಸಿರಾಡೋ ಗೊಂಬೆ ಒಂದೇ ಚಿಕ್ಕಿ ನಿನ್ನ ಕಡೆ ನೋಡಿದ್ದು," ಎಂದಳು. ನಕ್ಕೆವು. ಆದರೆ ಬಸ್ಸಿನಲ್ಲಿ ಅವಳು ಕಿಟಕಿಗೆ ಹಣೆ ಹಚ್ಚಿ ಕೂತುಬಿಟ್ಟಳು. ಈ ಶಾಲೆ ಬೇಡವಾದರೆ ಅಣ್ಣ ಒಂಟಿಯಾಗುತ್ತಾನೆ ಎಂಬುದೇ ಅವಳ ಸಂಕಟ.

ಕಾರ್ಖಾನೆ ಊರಿನ ಶಾಲೆಗೆ ಸ್ವಂತ ಕಟ್ಟಡವೇ ಇಲ್ಲವೆನ್ನಬೇಕು. ಗೋಡೆಯ ಸುಣ್ಣ ಉದುರುತ್ತಿತ್ತು. ಪಾಠವೆಲ್ಲ ಪಕ್ಕದ ಆಸ್ಪತ್ರೆಯ ವಾರ್ಡುಗಳಲ್ಲೇ. ಓಣಿಯಲ್ಲಿ ಒಬ್ಬ ದಪ್ಪನೆಯ ಮೇಡಂ ಮುಂದೆ ಮುಂದೆ, ವಿದ್ಯಾರ್ಥಿನಿಯರ ದಂಡು ಹಿಂದೆ ಹಿಂದೆ ಹೋಗುತ್ತಿತ್ತು. ನಾನು ಬೆಂಚಿನಲ್ಲಿ ಕೂತು, ಅಷ್ಟೇನೂ ಜೋರಾಗಿ ಅಲ್ಲ, "ಸೆಸ್ತ್ರೊ..." ಅಂದೆ.

ಇಡೀ ದಂಡು ತಿರುಗಿತು. ಕೊನೆಯಲ್ಲಿದ್ದ ಗುಂಡುಮುಖದ ಹುಡುಗಿ ನಾನು ಉಸಿರು ಎಳೆದುಕೊಳ್ಳುವಷ್ಟರಲ್ಲಿ ನನ್ನ ಮುಂದೆ ಮಂಡಿಯೂರಿದ್ದಳು. ತಲೆವಸ್ತ್ರದ ಗಂಟು ಸಡಿಲಿಸಿ, ಕೈ ಹಿಡಿದು, "ಎಲ್ಲಿ ನೋವು ಅಮ್ಮಾ?" ಅಂದಳು.

ಈ ಪ್ರಶ್ನೆಗೆ ನಾನು ತಯಾರಾಗಿ ಬಂದಿರಲಿಲ್ಲ. "ಎಲ್ಲಾ ಕಡೆ ಕಣಮ್ಮಾ," ಅಂದುಬಿಟ್ಟೆ.

ಮೇಡಂ ಬಂದು ನನ್ನ ನಾಡಿ ಹಿಡಿದಳು. ಹಿಡಿದವಳು ಹುಬ್ಬು ಗಂಟಿಕ್ಕಿದಳು. "ನಾಡಿ ಕುದುರೆ ಥರ ಗಟ್ಟಿಯಾಗಿದೆ. ಏನ್ರೀ ನಾಟಕ ಇದು?"

ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಬೆಲ್ಮಾ ಮುಂದೆ ಬಂದು ಇದ್ದದ್ದು ಇದ್ದಂತೆ ಒಪ್ಪಿಕೊಂಡಳು. ಅಪ್ಪ ಕರೆದಾಗ ಯಾರೂ ಬರದಿದ್ದದ್ದನ್ನೂ ಹೇಳಿದಳು. ಮೇಡಂ ಕೆಂಡಾಮಂಡಲವಾದಳು. "ಆಸ್ಪತ್ರೆ ಓಣೀಲಿ ಪರೀಕ್ಷೆ ಮಾಡ್ತೀಯಾ? ನಮ್ಮನ್ನ ಪರೀಕ್ಷೆ ಮಾಡೋಕೆ ನೀನ್ಯಾರೇ? ನಾಳೆ ನಿನ್ನಂಥವರು ನೂರು ಜನ ಬಂದು ಸುಳ್ಳು ನರಳಿದ್ರೆ, ನಿಜವಾಗಿ ನರಳೋರ ಗತಿ ಏನು?"

ಬೆಲ್ಮಾ ತಲೆ ತಗ್ಗಿಸಿದಳು. ಅಷ್ಟರಲ್ಲಿ ಎದುರಿನ ಕೋಣೆಯಿಂದ ಯಾರೋ ಮುದುಕ "ಸೆಸ್ತ್ರೊ" ಎಂದದ್ದು ಕೇಳಿಸಿತು. ಮೇಡಂ ಬೈಯುತ್ತಲೇ ಇದ್ದಳು, ಆದರೆ ಬೈಸಿಕೊಳ್ಳಬೇಕಾದವಳು ಅಲ್ಲಿರಲಿಲ್ಲ. ಹೋಗಿ ನೋಡಿದರೆ ಬೆಲ್ಮಾ ಮುದುಕನ ಜಾರಿದ ದಿಂಬನ್ನು ಬೆನ್ನಿಗೆ ಕೊಡುತ್ತಿದ್ದಳು. ಮೇಡಂ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತು ನೋಡಿದಳು.

"ಅರ್ಜಿ ಕೊಡೋ ಮೊದಲೇ ಕೆಲಸಕ್ಕೆ ಸೇರ್ಕೊಂಡ್ಯಲ್ಲೇ," ಅಂದಳು. "ಕೈ ತೊಳ್ಕೊಂಡು ಮುಟ್ಬೇಕು ಅನ್ನೋದು ಮಾತ್ರ ನಾನೇ ಕಲಿಸ್ಬೇಕು. ಬಾ."

ಬೆಲ್ಮಾ ಶಾಲೆ ಆರಿಸಿದ್ದು ಹೀಗೆ. ನನ್ನ ಹೊಟ್ಟೆಯಲ್ಲಿ ಹುಟ್ಟದಿದ್ದರೇನು, ಅವತ್ತು ನನಗೆ ಹೆಮ್ಮೆಯಿಂದ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಮಿರ್ಸಾದನಿಗೆ ಫೋನಿನಲ್ಲಿ ಅವಳೇ ಹೇಳಿದಳು. ಅವನು ಕೂಗಾಡಲಿಲ್ಲ, ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. "ಊರವರಿಗೆಲ್ಲ ಸೆಸ್ತ್ರಾ ಆಗ್ಬೇಕು ನಿಂಗೆ. ಆಗಮ್ಮಾ. ನಂಗೆ ಆಗೋದು ಬೇಡ," ಎಂದು ಫೋನ್ ಇಟ್ಟ. ಅವಳು ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚಿದಳು, ಅಳಲು ನೆಪ ಬೇಕಲ್ಲ. ಅಂದಿನಿಂದ ಅವನು ತಂಗಿಯನ್ನು ಸೆಸ್ತ್ರೊ ಎಂದು ಕರೆಯಲೇ ಇಲ್ಲ. ಹಬ್ಬಕ್ಕೆ ಬಂದರೆ ಬೆಲ್ಮಾ, ಉಪ್ಪು ಕೊಡು. ಬೆಲ್ಮಾ, ಬಾಗಿಲು ಹಾಕು. ಬಾಡಿಗೆದಾರರ ಜೊತೆ ಮಾತಾಡುವಂತೆ ಅಷ್ಟೇ. ಅವಳು ಮಾತ್ರ ಅಣ್ಣಾ ಎನ್ನುವುದನ್ನು ಬಿಡಲಿಲ್ಲ. ಚಳಿಗಾಲ ಬಂತೆಂದರೆ ನನ್ನ ಅಂಗಡಿಯ ಒಳ್ಳೆಯ ಉಣ್ಣೆ ಒಯ್ದು ಅವನಿಗೆ ಕಾಲುಚೀಲ ಹೆಣೆದು ಕಳಿಸುತ್ತಿದ್ದಳು.

ಓದು ಮುಗಿಸಿ ಅದೇ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಳು. ಆ ಮೇಡಂ ನಿವೃತ್ತಳಾದ ಮೇಲೆ ಹೊಸ ಹುಡುಗಿಯರನ್ನು ವಾರ್ಡಿನಲ್ಲಿ ಪಳಗಿಸುವ ಕೆಲಸ ಬೆಲ್ಮಾಳಿಗೇ ಬಂತು. ಪೇಟೆಯಲ್ಲಿ ಯಾರಾದರೂ ಗಂಡಸು ತನ್ನ ತಂಗಿಯನ್ನು ಸೆಸ್ತ್ರೊ ಎಂದು ಕರೆದರೂ ಇವಳ ಕತ್ತು ತಿರುಗುತ್ತದೆ. ತರಕಾರಿಯವನು ಬೇಕೆಂದೇ ಹಾಗೆ ಕೂಗಿ ಕೂಗಿ ತಮಾಷೆ ಮಾಡುತ್ತಾನೆ.

ಹೋದ ಬೇಸಿಗೆ ಮಿರ್ಸಾದ ರಜೆಗೆ ಬಂದಿದ್ದಾಗ ಪಿತ್ತಕೋಶದ ಕಲ್ಲು ಕೆರಳಿತು. ಕಾರ್ಖಾನೆ ಊರಿನ ಆಸ್ಪತ್ರೆಗೇ ಒಯ್ದು ಆಪರೇಷನ್ ಮಾಡಿದರು. ಮರುದಿನ ಬೆಳಿಗ್ಗೆ ನಾನು ಸೂಪು ತೆಗೆದುಕೊಂಡು ಹೋದಾಗ ಬೆಲ್ಮಾ ಪಕ್ಕದ ಮಂಚದ ಬಳಿ ಬೆನ್ನು ತಿರುಗಿಸಿ ನಿಂತು ಹುಡುಗಿಯರಿಗೆ ಬ್ಯಾಂಡೇಜು ಕಟ್ಟುವುದನ್ನು ತೋರಿಸುತ್ತಿದ್ದಳು. ಮಿರ್ಸಾದ ಸೂರು ನೋಡುತ್ತಾ ಮಲಗಿದ್ದ. ತುಟಿ ಒಣಗಿತ್ತು. ಅವರಪ್ಪನದೇ ದನಿಯಲ್ಲಿ, "ಸೆಸ್ತ್ರೊ," ಅಂದ.

ಹುಡುಗಿಯರೆಲ್ಲ ಒಟ್ಟಿಗೆ ತಿರುಗಿದರು. ಬೆಲ್ಮಾ ಒಬ್ಬಳೇ ತಿರುಗಲಿಲ್ಲ. ಪೇಟೆಯಲ್ಲಿ ಯಾರು ಕರೆದರೂ ತಿರುಗುವ ಹುಡುಗಿ, ಅಣ್ಣನ ಬಾಯಲ್ಲಿ ಆ ಪದ ತನಗೆ ಸೇರಿದ್ದಲ್ಲ ಎಂದು ಅಷ್ಟು ವರ್ಷದಲ್ಲಿ ಕಲಿತುಬಿಟ್ಟಿದ್ದಳು. ತಿರುಗದೆಯೇ, "ಹೋಗಮ್ಮಾ, ಏನು ಬೇಕು ಕೇಳು," ಎಂದು ಒಬ್ಬಳನ್ನು ಕಳಿಸಿದಳು. ಆ ಹುಡುಗಿ ಬಂದು ಬಾಗಿದಳು.

"ನೀನಲ್ಲ ಕಣಮ್ಮಾ," ಅಂದ ಮಿರ್ಸಾದ. "ನನ್ನವಳನ್ನ ಕರೆದೆ."

ಬೆಲ್ಮಾಳ ಕೈಯಿಂದ ಬ್ಯಾಂಡೇಜಿನ ಸುರುಳಿ ಜಾರಿ ನೆಲದ ಮೇಲೆ ಬಿಚ್ಚಿಕೊಳ್ಳುತ್ತಾ ಹೋಯಿತು. ಅದನ್ನು ಎತ್ತಿಕೊಳ್ಳಲಿಲ್ಲ. ಅವನ ಮಂಚದ ಪಕ್ಕ ಬಂದು, ಮಂಡಿಯೂರಿ, ಕೈ ಹಿಡಿದಳು.

"ಎಲ್ಲಿ ನೋವು ಅಣ್ಣಾ?"

"ಎಲ್ಲಾ ಕಡೆ ಕಣೇ," ಅಂದ ಅವನು, ಮತ್ತು ಅವನು ನನ್ನ ಹಾಗೆ ನಾಟಕ ಆಡುತ್ತಿರಲಿಲ್ಲ.